ದಿನಾ ಆಡುವವರು, ವಾರಕ್ಕೊಮ್ಮೆ ಇಣುಕುವವರು: ಇಬ್ಬರಿಗೂ ಒಂದೇ ಲೀಗ್ ಸಾಧ್ಯವಾ?

ಓದುಗರ ಪ್ರಶ್ನೆ: ನಾವು ಗೆಳೆಯರು ಸೇರಿ ಆನ್‌ಲೈನ್‌ನಲ್ಲಿ ಒಂದು ಫುಟ್‌ಬಾಲ್ ಮ್ಯಾನೇಜರ್ ಲೀಗ್ (ತಂಡ ಕಟ್ಟಿ, ತರಬೇತಿ ಕೊಡುವುದು ನಾವು, ಪಂದ್ಯ ಆಡಿಸುವುದು ಕಂಪ್ಯೂಟರ್) ನಡೆಸುತ್ತಿದ್ದೇವೆ. ಮೂರ್ನಾಲ್ಕು ಜನ ದಿನಾ ಅದರಲ್ಲೇ ಮುಳುಗಿರುತ್ತಾರೆ. ಉಳಿದವರು ಶನಿವಾರ, ಭಾನುವಾರ ಬಂದು ನೋಡಿ ಹೋಗುವವರು. ಅರ್ಧ ಸೀಸನ್ ಆಗುವಷ್ಟರಲ್ಲಿ ಯಾರು ಗೆಲ್ಲುತ್ತಾರೆ ಅಂತ ಗೊತ್ತಾಗಿಬಿಡುತ್ತದೆ. ಆಮೇಲೆ ಉಳಿದವರು ಬರುವುದೇ ಇಲ್ಲ. ಅವರಿಗೆ ಸುಮ್ನೆ ಒಂದಿಷ್ಟು ಪಾಯಿಂಟ್ ಕೊಟ್ಟರೆ ದಿನಾ ಆಡುವವರಿಗೆ ಸಿಟ್ಟು. ಏನು ಮಾಡುವುದು?

ಉತ್ತರ: ಸುಮ್ನೆ ಪಾಯಿಂಟ್ ಕೊಡಬೇಡಿ, ಸಿಟ್ಟು ಬರುವುದು ಸರಿಯೇ. ಆದರೆ ದಿನಾ ಬಂದವರಿಗೂ ಬಂದದ್ದಕ್ಕೇ ಪಾಯಿಂಟ್ ಕೊಡಬೇಡಿ. ಬಹಳಷ್ಟು ಲೀಗ್‌ಗಳು ಕೆಡುವುದು ಇಲ್ಲೇ. ದಿನಕ್ಕೊಮ್ಮೆ ಲಾಗಿನ್ ಆದರೆ ಬೋನಸ್, ಏಳು ದಿನ ತಪ್ಪದೆ ಬಂದರೆ ಇನ್ನೊಂದು ಬೋನಸ್. ಇದು ಹಾಜರಿ ಹಾಕಿಸಿ ಕೂಲಿ ಕೊಟ್ಟ ಹಾಗೆ. ಆಟದ ಜಾಣತನಕ್ಕೂ ಇದಕ್ಕೂ ಸಂಬಂಧವಿಲ್ಲ. ಒಳ್ಳೆಯ ನಿರ್ಧಾರಕ್ಕೆ ಫಲ ಸಿಗಬೇಕು. ಹೆಚ್ಚು ಹೊತ್ತು ಕಳೆದವನಿಗೆ ಒಳ್ಳೆಯ ನಿರ್ಧಾರ ಮಾಡುವ ಅವಕಾಶ ಜಾಸ್ತಿ ಇರಲಿ, ಅಷ್ಟು ಸಾಕು.

ಇದನ್ನು ಚೆನ್ನಾಗಿ ಮಾಡಿ ತೋರಿಸಿದ್ದು ಹ್ಯಾಟ್ರಿಕ್. 1997ರಲ್ಲಿ ಸ್ವೀಡನ್‌ನಲ್ಲಿ ಶುರುವಾದ ಈ ಫುಟ್‌ಬಾಲ್ ಮ್ಯಾನೇಜರ್ ಆಟ ಇವತ್ತಿಗೂ ನಡೆಯುತ್ತಿದೆ. ಒಂದು ಗುಂಪಿನಲ್ಲಿ 8 ತಂಡ, ಒಬ್ಬೊಬ್ಬರಿಗೆ 14 ಲೀಗ್ ಪಂದ್ಯ, ಸೀಸನ್ 16 ವಾರ. ಲೀಗ್ ಪಂದ್ಯ ವಾರಕ್ಕೆ ಒಂದೇ. ತರಬೇತಿಯ ಫಲವೂ ವಾರಕ್ಕೊಮ್ಮೆ. ನೀವು ದಿನಕ್ಕೆ ಐವತ್ತು ಸಲ ಲಾಗಿನ್ ಆದರೂ ನಿಮ್ಮ ಸ್ಟ್ರೈಕರ್ ಒಂದು ದಿನ ಮೊದಲೇ ಕಲಿತುಬಿಡುವುದಿಲ್ಲ. ತಂಡವನ್ನು ಮೊದಲೇ ಆರಿಸಿಟ್ಟು ಹೋದರೆ ನೀವಿಲ್ಲದೆಯೂ ಪಂದ್ಯ ನಡೆಯುತ್ತದೆ. ದುಡ್ಡು ಕೊಟ್ಟು ಸಪೋರ್ಟರ್ ಆದವರಿಗೂ ಅಂಕಿಅಂಶ, ಅಲಂಕಾರ, ಕೆಲವು ಅನುಕೂಲ ಸಿಗುತ್ತವೆಯೇ ಹೊರತು ಮೈದಾನದಲ್ಲಿ ಏನೂ ಇಲ್ಲ.

ಹಾಗಾದರೆ ಹುಚ್ಚು ಹಿಡಿದವರು ಇಡೀ ವಾರ ಏನು ಮಾಡುತ್ತಾರೆ? ಎದುರಾಳಿಯ ಹಳೆಯ ಪಂದ್ಯಗಳನ್ನು ಕೆದಕುತ್ತಾರೆ. ಯಾವ ವಯಸ್ಸಿನಲ್ಲಿ ಯಾರನ್ನು ಮಾರಿದರೆ ಲಾಭ ಅಂತ ಲೆಕ್ಕ ಹಾಕುತ್ತಾರೆ. ಮುಂದಿನ ಎರಡು ಸೀಸನ್‌ಗೆ ತರಬೇತಿ ಯೋಜನೆ ಬರೆದಿಡುತ್ತಾರೆ. ಅದರಿಂದ ಗೆದ್ದರೆ ಯಾರೂ ಗೊಣಗುವುದಿಲ್ಲ, ಅಲ್ವಾ?

ಹ್ಯಾಟ್ರಿಕ್‌ನಲ್ಲೂ ಒಂದು ತೂತಿತ್ತು. ಆಟಗಾರರನ್ನು ಹರಾಜಿನಲ್ಲಿ ಕೊಳ್ಳಬೇಕು. ಕೊನೇ ಗಳಿಗೆಯಲ್ಲಿ ಯಾರಾದರೂ ಕೂಗಿದರೆ ಹರಾಜು ಇನ್ನೂ ಕೆಲವು ನಿಮಿಷ ಮುಂದಕ್ಕೆ ಹೋಗುತ್ತದೆ. ಯುರೋಪಿನವರ ಸಂಜೆ ಹರಾಜು ನಮಗೆ ನಡುರಾತ್ರಿ. ನಿದ್ದೆಗೆಟ್ಟವನಿಗೆ ಆಟಗಾರ! ಆಮೇಲೆ ಬಂತು ತಾನಾಗಿಯೇ ಕೂಗುವ ವ್ಯವಸ್ಥೆ. ಎಷ್ಟರವರೆಗೆ ಹೋಗಬಹುದು ಅಂತ ಹೇಳಿಟ್ಟು ಮಲಗಬಹುದು. ಇನ್ನು ಇವತ್ತು ಕೊಂಡು ನಾಳೆ ಮಾರಿ ದುಡ್ಡು ಮಾಡುವವರಿಗೆ ಏಜೆಂಟ್ ಕಮಿಷನ್ ಜಾಸ್ತಿ ಬೀಳುತ್ತದೆ. ಆಟಗಾರ ಕ್ಲಬ್‌ನಲ್ಲಿ ಹೆಚ್ಚು ದಿನ ಇದ್ದಷ್ಟೂ ಅದು ಇಳಿಯುತ್ತದೆ. ದಿನವಿಡೀ ಕೂತು ವ್ಯಾಪಾರ ಮಾಡುವುದಕ್ಕೆ ಇದೊಂದು ಕಡಿವಾಣ.

ನನಗೆ ಇದಕ್ಕಿಂತಲೂ ಇಷ್ಟವಾದದ್ದು ಕಾರ್ ರೇಸಿನ ಸಿಮ್ಯುಲೇಟರ್ ಐರೇಸಿಂಗ್‌ನ ಲೆಕ್ಕ. ಅಲ್ಲಿ ಒಂದೇ ವಾರದಲ್ಲಿ ಒಂದೇ ಸರಣಿಯ ರೇಸನ್ನು ಎಷ್ಟು ಸಲ ಬೇಕಾದರೂ ಓಡಿಸಬಹುದು. ಎಲ್ಲದರ ಪಾಯಿಂಟ್ ಕೂಡಿಸಿದರೆ ಕೆಲಸವಿಲ್ಲದವನೇ ಚಾಂಪಿಯನ್. ಅತಿ ಒಳ್ಳೆಯ ಒಂದು ರೇಸನ್ನು ಮಾತ್ರ ಹಿಡಿದರೂ ನಲವತ್ತು ಸಲ ಓಡಿಸಿ ಅದೃಷ್ಟ ಕಾಯುವವನಿಗೇ ಲಾಭ. ಆದ್ದರಿಂದ ಅವರು ವಾರದ ರೇಸುಗಳಲ್ಲಿ ಚೆನ್ನಾಗಿ ಬಂದ ಕಾಲು ಭಾಗವನ್ನು ಮಾತ್ರ ತೆಗೆದುಕೊಂಡು ಅದರ ಸರಾಸರಿ ಹಿಡಿಯುತ್ತಾರೆ.

ಲೆಕ್ಕ ಮಾಡಿ ನೋಡಿ. ನೀವು ವಾರದಲ್ಲಿ 4 ರೇಸ್ ಓಡಿಸಿ ಒಂದರಲ್ಲಿ 110 ಪಾಯಿಂಟ್ ಗಳಿಸಿದಿರಿ. ವಾರದ ಲೆಕ್ಕ 110. ನಿಮ್ಮ ಗೆಳೆಯ 8 ರೇಸ್ ಓಡಿಸಿದ. ಅವನಿಗೆ ಒಂದರಲ್ಲಿ 120, ಇನ್ನೊಂದರಲ್ಲಿ 90, ಉಳಿದವು ಅದಕ್ಕಿಂತ ಕಡಿಮೆ. ಒಳ್ಳೆಯ ಎರಡರ ಸರಾಸರಿ 105. ಅವನು 4ಕ್ಕೇ ನಿಲ್ಲಿಸಿ, ಆ 120 ಅದರಲ್ಲೇ ಬಂದಿದ್ದರೆ ನಿಮ್ಮನ್ನು ಸೋಲಿಸುತ್ತಿದ್ದ. ಹೆಚ್ಚು ಓಡಿಸಿದಷ್ಟೂ ಅವಕಾಶ ಜಾಸ್ತಿ, ಆದರೆ ಲೆಕ್ಕಕ್ಕೆ ಬರುವ ರೇಸುಗಳೂ ಜಾಸ್ತಿ. ಅಂದರೆ ದಿನಾ ಆಡುವವನಿಗೂ 'ಸಾಕಪ್ಪಾ, ಇಲ್ಲಿಗೆ ನಿಲ್ಲಿಸೋಣ' ಅನ್ನಿಸುವ ಒಂದು ಹಂತ ಬರುತ್ತದೆ. ಇನ್ನೂ ಒಂದು ಅನುಕೂಲ: ಸೀಸನ್ 12 ವಾರ, ಬಹುತೇಕ ಸರಣಿಗಳಲ್ಲಿ ಚೆನ್ನಾಗಿ ಹೋದ 8 ವಾರ ಮಾತ್ರ ಲೆಕ್ಕ. ಊರಲ್ಲಿ ಮದುವೆ, ಮಗನಿಗೆ ಪರೀಕ್ಷೆ ಅಂತ ನಾಲ್ಕು ವಾರ ಹೋದರೂ ಸೀಸನ್ ಹಾಳಾಗುವುದಿಲ್ಲ. ಜೊತೆಗೆ ಆಟಗಾರರನ್ನು ಮಟ್ಟ ನೋಡಿ ಬೇರೆ ಬೇರೆ ಡಿವಿಷನ್‌ಗೆ ಹಾಕುತ್ತಾರೆ. ಒಟ್ಟು ಪಟ್ಟಿಯಲ್ಲಿ ಎಲ್ಲೋ ಕೆಳಗಿದ್ದವನಿಗೂ ತನ್ನ ಡಿವಿಷನ್‌ನಲ್ಲಿ ಮೂರನೇ ಸ್ಥಾನಕ್ಕೆ ಪೈಪೋಟಿ ಇರುತ್ತದೆ.

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಆಟಗಾರರನ್ನು ಆರಿಸಿ ತಂಡ ಕಟ್ಟುವ ಫ್ಯಾಂಟಸಿ ಪ್ರೀಮಿಯರ್ ಲೀಗ್ ಸಿಮ್ಯುಲೇಶನ್ ಅಲ್ಲ, ಅಲ್ಲಿ ಲೆಕ್ಕಕ್ಕೆ ಬರುವುದು ನಿಜವಾದ ಪಂದ್ಯ. ಆದರೂ 1 ಕೋಟಿಗೂ ಜಾಸ್ತಿ ಜನ ಆಡುವ ಆಟ ಅಂದಮೇಲೆ ಕಲಿಯುವುದಿದೆ. ವಾರಕ್ಕೆ ಒಬ್ಬ ಆಟಗಾರನ ಬದಲಾವಣೆ ಪುಕ್ಕಟೆ. ಅದಕ್ಕಿಂತ ಜಾಸ್ತಿ ಮಾಡಿದರೆ ಒಂದೊಂದಕ್ಕೆ 4 ಪಾಯಿಂಟ್ ಕಟ್. ಬಳಸದೆ ಉಳಿಸಿದರೆ ಮುಂದಕ್ಕೆ ಸಿಗುತ್ತದೆ. ಮೊದಲು 2ರವರೆಗೆ ಉಳಿಸಬಹುದಿತ್ತು, 2024–25ರಿಂದ 5. ಮೂರು ವಾರ ಮರೆತವನು ಬಂದು ಒಂದೇ ಸಲ ತಂಡ ರಿಪೇರಿ ಮಾಡಿಕೊಳ್ಳಬಹುದು. ನಾಯಕ ಆಡದಿದ್ದರೆ ಉಪನಾಯಕ, ಹನ್ನೊಂದರಲ್ಲಿ ಒಬ್ಬ ಆಡದಿದ್ದರೆ ಬೆಂಚಿನಿಂದ ಇನ್ನೊಬ್ಬ, ಎಲ್ಲ ತಾನಾಗಿಯೇ. ಇಂಗ್ಲೆಂಡಿನಲ್ಲಿ ಶುಕ್ರವಾರ ರಾತ್ರಿ ಎಂಟಕ್ಕೆ ವಾರದ ಮೊದಲ ಪಂದ್ಯವಿದ್ದರೆ, ಅದಕ್ಕೆ ಒಂದೂವರೆ ಗಂಟೆ ಮುಂಚಿನ ತಂಡ ಸಲ್ಲಿಸುವ ಗಡುವು ಬೆಂಗಳೂರಿನಲ್ಲಿ ಸೆಪ್ಟೆಂಬರ್‌ನಲ್ಲಿ ರಾತ್ರಿ 11, ನವೆಂಬರ್‌ನಲ್ಲಿ 12. ಮಲಗಿಬಿಟ್ಟವರನ್ನು ಕಾಪಾಡುವುದು ತಾನಾಗಿಯೇ ಆಗುವ ಈ ಬದಲಾವಣೆಗಳೇ. ಆದರೆ 2024–25ರಲ್ಲಿ ತಂದ ಅಸಿಸ್ಟೆಂಟ್ ಮ್ಯಾನೇಜರ್ ಚಿಪ್ (ಒಮ್ಮೆ ಮಾತ್ರ ಬಳಸಬಹುದಾದ ವಿಶೇಷ ಅವಕಾಶ) ತೀರಾ ಗೋಜಲು. ನಿಯಮ ಓದಲೇ ಒಂದು ಸಂಜೆ ಬೇಕಿತ್ತು. ಮುಂದಿನ ಸೀಸನ್‌ಗೆ ಅದು ಇರಲಿಲ್ಲ.

ಈಗ ನಿಮ್ಮ ಲೀಗ್. ತರಬೇತಿ, ಬದಲಾವಣೆ, ಕೊಳ್ಳುವುದು, ಎಲ್ಲಕ್ಕೂ ವಾರದ ಮಿತಿ ಹಾಕಿ. ಬಳಸದೆ ಉಳಿದದ್ದನ್ನು ಎರಡು ಮೂರು ವಾರ ಕೂಡಿಡಲು ಬಿಡಿ. ಆಟಗಾರನನ್ನು ಬೆಳೆಸುವ ವ್ಯವಸ್ಥೆ ಇದ್ದರೆ ಮೇಲೆ ಹೋದಂತೆ ಒಂದೊಂದು ಹೆಜ್ಜೆಯೂ ದುಬಾರಿಯಾಗಲಿ. ಆಟಗಾರನ ಕೌಶಲ 60ರಿಂದ 70ಕ್ಕೆ ಏರಲು ಹತ್ತು ತರಬೇತಿ ಪಾಯಿಂಟ್ ಸಾಕಾದರೆ, 90ರಿಂದ 95ಕ್ಕೆ ನಲವತ್ತು ಬೇಕಾಗಲಿ. ಹೀಗೆ ಮಾಡಿದರೆ ವಾರಕ್ಕೊಮ್ಮೆ ಬರುವವನು ಬೇಗ 'ಪರವಾಗಿಲ್ಲ' ಅನ್ನುವ ಮಟ್ಟಕ್ಕೆ ಬರುತ್ತಾನೆ. ದಿನಾ ಆಡುವವನು ಇನ್ನೂ ಮುಂದೆಯೇ ಇರುತ್ತಾನೆ, ಆದರೆ ಹಿಡಿಯಲಾಗದಷ್ಟು ದೂರ ಅಲ್ಲ. ಅರ್ಧ ಸೀಸನ್ ಆದಮೇಲೆ ಎರಡನೇ ಅರ್ಧಕ್ಕೆ ಸೊನ್ನೆಯಿಂದ ಇನ್ನೊಂದು ಪಟ್ಟಿ ಶುರು ಮಾಡಿ, ಅದಕ್ಕೂ ಒಂದು ಕಪ್ ಇಡಿ.

ದಿನಾ ಆಡುವ ಆ ಮೂರ್ನಾಲ್ಕು ಜನರನ್ನು ಮಾತ್ರ ಬೇಜಾರು ಮಾಡಬೇಡಿ. ಲೀಗ್ ಉಸಿರಾಡುತ್ತಿರುವುದು ಅವರಿಂದಲೇ. ಅವರಿಗೆ ಮೈದಾನದ ಹೊರಗೆ ಕೆಲಸ ಕೊಡಿ: ವಾರದ ವರದಿ ಬರೆಯುವುದು, ದಾಖಲೆ ಇಡುವುದು, ಡ್ರಾಫ್ಟ್ (ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವುದು) ನಡೆಸುವುದು. ಇದಕ್ಕೆ ಹೆಸರು, ಬ್ಯಾಡ್ಜ್ ಎಲ್ಲ ಕೊಡಿ, ಪಾಯಿಂಟ್ ಬೇಡ. ಈ ಹೊಸ ನಿಯಮಗಳನ್ನು ಸೀಸನ್ ನಡುವೆ ತರಬೇಡಿ. ಈಗ ಮುಂದಿರುವವನು ತನ್ನನ್ನು ಹಿಡಿದೆಳೆಯಲೆಂದೇ ತಂದದ್ದು ಅಂದುಕೊಳ್ಳುತ್ತಾನೆ, ಅವನ ಮಾತಿನಲ್ಲಿ ಅರ್ಧ ಸತ್ಯವೂ ಇರುತ್ತದೆ. ಮುಂದಿನ ಸೀಸನ್‌ಗೆ ಅಂತ ಈಗಲೇ ಹೇಳಿ, ಅವನನ್ನೇ ಕೂರಿಸಿಕೊಂಡು ಮಿತಿಗಳ ಅಂಕಿ ನಿರ್ಧರಿಸಿ. ಎಲ್ಲಿ ತೂತಿದೆ ಅಂತ ಅವನಿಗಿಂತ ಚೆನ್ನಾಗಿ ಗೊತ್ತಿರುವವರು ನಿಮ್ಮ ಗುಂಪಿನಲ್ಲಿ ಯಾರೂ ಇರಲಾರರು.