ನಲವತ್ತಾರು ಮಕ್ಕಳಿಗೆ ಒಂದೇ ಖಾಲಿ ಪುಟ

ತರಗತಿಯ ವಾಟ್ಸಾಪ್ ಗುಂಪಿಗೆ ಒಂದು ಲಿಂಕ್ ಬೀಳುತ್ತದೆ. ಜೊತೆಗೆ ಒಂದು ಸಾಲು: "ಎಲ್ಲರೂ ಇದರಲ್ಲಿ ನಮ್ಮ ಜಿಲ್ಲೆಯ ನದಿಗಳ ಬಗ್ಗೆ ಬರೆಯಿರಿ." ತೆರೆದರೆ ಗೂಗಲ್ ಡಾಕ್ಸ್‌ನ ಖಾಲಿ ಪುಟ. ಐದು ನಿಮಿಷದೊಳಗೆ ಮೂವತ್ತು ಮಂದಿ ಒಳಗೆ ಬಂದಾಯಿತು. ಒಬ್ಬ ಬರೆಯುತ್ತಿದ್ದ ಸಾಲಿನ ನಡುವೆ ಇನ್ನೊಬ್ಬಳ ಹೆಸರು ತೂರಿಕೊಂಡಿದೆ, ಅದರ ಕೆಳಗೆ ಯಾರೋ ಹಾಕಿದ ಹನ್ನೆರಡು ನಗುಮುಖ, ಆಮೇಲೆ ಯಾರದೋ ಬೆರಳು ತಾಗಿ ಎಲ್ಲವೂ ಮಾಯ. "ಸರ್, ನಾನು ಬರೆದದ್ದು ಹೋಯ್ತು!" ಎಂದು ಬೊಬ್ಬೆ. ಇಂಥದ್ದೆಲ್ಲ ನಮ್ಮ ಮಕ್ಕಳಿಗೆ ಆಗಿಬರುವುದಿಲ್ಲ ಎಂದು ಮಾಸ್ಟ್ರು ಲ್ಯಾಪ್‌ಟಾಪ್ ಮುಚ್ಚುತ್ತಾರೆ.

ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. ಒಂದು ಡಾಕ್ಸ್ ಕಡತವನ್ನು ಏಕಕಾಲಕ್ಕೆ 100 ಕಡೆಯಿಂದ ತೆರೆದು ತಿದ್ದಬಹುದು, ಹಾಗಾಗಿ 46 ಮಕ್ಕಳ ತರಗತಿಗೆ ತಾಂತ್ರಿಕವಾಗಿ ಯಾವ ಅಡ್ಡಿಯೂ ಇಲ್ಲ. ಆದರೆ 46 ಜನರ ಕೈಗೂ ಸೀಮೆಸುಣ್ಣ ಕೊಟ್ಟು ಒಂದೇ ಕರಿಹಲಗೆಯ ಮುಂದೆ ನಿಲ್ಲಿಸಿ "ಬರೆಯಿರಿ" ಎನ್ನುವ ಮಾಸ್ಟ್ರು ಎಲ್ಲಾದರೂ ಇದ್ದಾರೆಯೇ? ಪರದೆಯ ಮುಂದೆ ಮಾತ್ರ ಅದೇ ಮಾಸ್ಟ್ರು ಅದನ್ನೇ ಮಾಡುತ್ತಾರೆ.

ಎಷ್ಟು ಸಲ ಹೇಳಿದರೂ ಕಿವಿಗೆ ಬೀಳದ ಮಾತು ಇದೊಂದೇ: ಲಿಂಕ್ ಕಳಿಸುವ ಮೊದಲೇ ಪುಟದಲ್ಲಿ ಯಾರ ಜಾಗ ಎಲ್ಲಿ ಎಂದು ಗೆರೆ ಎಳೆದಿರಬೇಕು. ಗೆರೆ ಎಂದರೆ ನಿಜವಾಗಿಯೂ ಗೆರೆ, ಅಂದರೆ ಕೋಷ್ಟಕ.

ನದಿಗಳ ಪಾಠವನ್ನೇ ನೋಡಿ. ದಕ್ಷಿಣ ಕನ್ನಡ, ಉಡುಪಿ ಎರಡನ್ನೂ ಸೇರಿಸಿಕೊಂಡರೆ ಎಂಟು ಅಡ್ಡಸಾಲು: ನೇತ್ರಾವತಿ, ಕುಮಾರಧಾರೆ, ಫಲ್ಗುಣಿ, ಶಾಂಭವಿ, ಸ್ವರ್ಣಾ, ಸೀತಾ, ಉದ್ಯಾವರ ಹೊಳೆ, ಸೌಪರ್ಣಿಕಾ. ಐದು ಕಂಬಸಾಲು: ಎಲ್ಲಿ ಹುಟ್ಟುತ್ತದೆ, ಯಾವುದರೊಂದಿಗೆ ಕೂಡುತ್ತದೆ, ಅಳಿವೆ ಎಲ್ಲಿ, ಕುಡಿಯುವ ನೀರು ಯಾವ ಊರಿಗೆ, ಬರೆದವರು ಯಾರು. 46 ಮಕ್ಕಳನ್ನು ಎಂಟು ಗುಂಪು ಮಾಡಿದರೆ ಸಾಲಿಗೆ ಐದಾರು ಜನ, ಕೋಷ್ಟಕದ ಒಂದೊಂದು ಮನೆಗೆ (ಚೌಕಕ್ಕೆ) ಒಬ್ಬರು, ಹೆಚ್ಚಾದವರು ಉತ್ತರ ಪರಿಶೀಲಿಸುವವರು. ಮೊದಲ ಸಾಲನ್ನು ನೀವೇ ಅರ್ಧ ತುಂಬಿಸಿಡಿ, ಎಷ್ಟುದ್ದ ಬರೆಯಬೇಕೆಂಬುದು ಮಕ್ಕಳಿಗೆ ಅದರಿಂದಲೇ ಗೊತ್ತಾಗುತ್ತದೆ. ತುಂಬೆಯ ಕಿಂಡಿ ಅಣೆಕಟ್ಟಿನಿಂದ ಮಂಗಳೂರಿಗೆ ನೀರು ಎಂದು ನೇತ್ರಾವತಿಯ ಮನೆಯಲ್ಲಿ ಬರೆದಿದ್ದರೆ, ಸ್ವರ್ಣಾ ಗುಂಪು ಬಜೆಯನ್ನೂ ಉಡುಪಿಯನ್ನೂ ತಾನೇ ಹುಡುಕಿಕೊಳ್ಳುತ್ತದೆ.

ಇಷ್ಟಕ್ಕೇ ನಿಂತರೆ ಅದು ಹಂಚಿಕೊಂಡ ಕೆಲಸವಾಯಿತೇ ಹೊರತು ಕೂಡಿ ಮಾಡಿದ್ದಾಗಲಿಲ್ಲ. ಕಾಗದದಲ್ಲೂ ಇದನ್ನು ಮಾಡಬಹುದಿತ್ತು. ಒಂದು ಗುಂಪಿನ ಉತ್ತರ ಇನ್ನೊಂದು ಗುಂಪಿನ ಉತ್ತರವನ್ನು ನೋಡದೆ ಪೂರ್ತಿಯಾಗದಂಥ ಪ್ರಶ್ನೆ ಒಂದಾದರೂ ಬೇಕು. ಮೇಲಿನ ಕೋಷ್ಟಕದಲ್ಲಿ ಆ ಕೆಲಸ ಮಾಡುವುದು 'ಅಳಿವೆ' ಎಂಬ ಕಂಬಸಾಲು. ಕುಮಾರಧಾರೆಯ ಗುಂಪು ಅಲ್ಲಿ ಏನೂ ತುಂಬಲಾರದು, ಯಾಕೆಂದರೆ ಆ ಹೊಳೆ ಉಪ್ಪಿನಂಗಡಿಯಲ್ಲೇ ನೇತ್ರಾವತಿಗೆ ಸೇರಿಬಿಡುತ್ತದೆ. ಮಕ್ಕಳು ನೇತ್ರಾವತಿಯ ಸಾಲಿಗೆ ಹೋಗಿ ಕಾಮೆಂಟ್ ಹಾಕಬೇಕಾಗುತ್ತದೆ. ನೇತ್ರಾವತಿಯವರೂ ಫಲ್ಗುಣಿಯವರೂ ಒಂದೇ ಅಳಿವೆ ಬರೆದಿರುತ್ತಾರೆ, ತಪ್ಪು ಯಾರದೆಂದು ಜಗಳವಾಗುತ್ತದೆ, ನಕಾಶೆ ತೆರೆದಾಗ ಇಬ್ಬರದೂ ಸರಿ. ಫಲ್ಗುಣಿ ಸಾಲಿನಲ್ಲಿ ಯಾರಾದರೂ ಅದರ ಇನ್ನೊಂದು ಹೆಸರಾದ 'ಗುರುಪುರ ಹೊಳೆ' ಎಂದು ತಿದ್ದಿದರೆ ಇನ್ನೂ ಒಳ್ಳೆಯದು. ನೀವು ಬಾಯಿ ಹಾಕಬೇಡಿ. ಆ ಐದು ನಿಮಿಷದ ಗಲಾಟೆಗಾಗಿಯೇ ಇಷ್ಟೆಲ್ಲ ಸಿದ್ಧತೆ.

ಗೆರೆ ಎಳೆದ ಮೇಲೂ ಇನ್ನೊಬ್ಬರ ಮನೆಗೆ ಕೈ ಹಾಕುವವರು ಇದ್ದೇ ಇರುತ್ತಾರೆ. ಡಾಕ್ಸ್‌ನಲ್ಲಿ ಒಂದು ಮನೆಗೆ ಮಾತ್ರ ಬೀಗ ಹಾಕಲು ಬರುವುದಿಲ್ಲ, ಗೂಗಲ್‌ನದೇ ಲೆಕ್ಕದ ಹಾಳೆಯಾದ ಶೀಟ್ಸ್‌ನಲ್ಲಿ ಬರುತ್ತದೆ. ಡೇಟಾ ಮೆನುವಿಗೆ ಹೋಗಿ ತಲೆಬರಹಗಳ ಸಾಲನ್ನಾದರೂ ರಕ್ಷಿಸಿಡಿ. ಡಾಕ್ಸ್‌ನಲ್ಲಾದರೆ ಭರವಸೆ ಇರುವುದು ಆವೃತ್ತಿ ಇತಿಹಾಸದ ಮೇಲೆ. ಫೈಲ್ ಮೆನುವಿನಲ್ಲಿ ಅದು ಸಿಗುತ್ತದೆ, ಅಥವಾ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಹಿಡಿದು ಎಚ್ ಒತ್ತಿ. ಯಾರು ಎಷ್ಟು ಹೊತ್ತಿಗೆ ಏನು ಬರೆದರು, ಏನು ಅಳಿಸಿದರು ಎಂಬುದು ಬಣ್ಣಬಣ್ಣದಲ್ಲಿ ಕಾಣುತ್ತದೆ. ಇದನ್ನು ಮೊದಲ ದಿನವೇ ಪ್ರೊಜೆಕ್ಟರಿನಲ್ಲಿ ಮಕ್ಕಳಿಗೆ ತೋರಿಸಿ. ಅರ್ಧ ತಂಟೆ ಅಲ್ಲಿಗೇ ನಿಲ್ಲುತ್ತದೆ.

ಇಲ್ಲೊಂದು ಎಚ್ಚರ. ಒಬ್ಬಳ ಮನೆ ಅಳಿಸಿಹೋಗಿದೆ ಎಂದು ಹತ್ತು ನಿಮಿಷ ಹಿಂದಿನ ಆವೃತ್ತಿಯನ್ನು ಮರುಸ್ಥಾಪಿಸಿದರೆ ಇಡೀ ಕಡತವೇ ಹತ್ತು ನಿಮಿಷ ಹಿಂದಕ್ಕೆ ಹೋಗುತ್ತದೆ, ಉಳಿದ 45 ಮಂದಿ ಆಮೇಲೆ ಬರೆದದ್ದೂ ಕಣ್ಣಮುಂದಿನಿಂದ ಹೋಗುತ್ತದೆ. ಹಾಗೆ ಆಗಿಯೇ ಹೋದರೆ ಗಾಬರಿ ಬೇಡ, ಇತಿಹಾಸದಲ್ಲಿ ಹೊಸ ಆವೃತ್ತಿಯೂ ಇರುತ್ತದೆ. ಆದರೆ ಸರಿಯಾದ ದಾರಿ ಬೇರೆ: ಹಳೆಯ ಆವೃತ್ತಿಯನ್ನು ತೆರೆದು, ಬೇಕಾದ ಭಾಗವನ್ನು ಮಾತ್ರ ನಕಲಿಸಿ, ಹೊರಗೆ ಬಂದು ಅಂಟಿಸುವುದು. ಕಂಟ್ರೋಲ್ ಝಡ್ ಒತ್ತಿ ಕೂತರೆ ನೀವು ಮಾಡಿದ ಬದಲಾವಣೆ ಮಾತ್ರ ಹಿಂದೆ ಸರಿಯುತ್ತದೆ, ಬೇರೆಯವರದ್ದಲ್ಲ.

ಇತಿಹಾಸವನ್ನು ಹಾಜರಿ ಪುಸ್ತಕದಂತೆ ನಂಬಿ ಅಂಕ ಕೊಡುವವರೂ ಇದ್ದಾರೆ. ಸ್ವಲ್ಪ ತಾಳಿ. ಲ್ಯಾಬಿನ ಕಂಪ್ಯೂಟರುಗಳೆಲ್ಲ ಶಾಲೆಯ ಒಂದೇ ಖಾತೆಯಲ್ಲಿ ತೆರೆದಿದ್ದರೆ ಅಲ್ಲಿ ಕಾಣುವುದು ಒಂದೇ ಹೆಸರು. ಖಾತೆಯೇ ಇಲ್ಲದೆ ಲಿಂಕಿನಿಂದ ಬಂದವರು ಪುಟದಲ್ಲಿ ಅನಾಮಿಕ ಪ್ರಾಣಿಗಳ ಹೆಸರಿನಲ್ಲಿ ಕಾಣುತ್ತಾರೆ, ಇತಿಹಾಸದಲ್ಲಿ ಅವರ ಹೆಸರೇ ಇರುವುದಿಲ್ಲ. ಮನೆಯ ಮೊಬೈಲಿನಲ್ಲಿ ದುಬೈಯಲ್ಲಿರುವ ಅಪ್ಪನ ಜಿಮೇಲ್ ಇದ್ದರೆ, ಸೀತಾನದಿಯ ಬಗ್ಗೆ ಬರೆದದ್ದು ಅಪ್ಪನೇ ಎಂದಾಗುತ್ತದೆ! ಹೇಳಿಕೊಟ್ಟವಳು ಒಬ್ಬಳು, ಟೈಪ್ ಮಾಡಿದವನು ಇನ್ನೊಬ್ಬ ಆಗಿದ್ದರೂ ಇತಿಹಾಸಕ್ಕೆ ಗೊತ್ತಾಗುವುದಿಲ್ಲ. 'ಬರೆದವರು ಯಾರು' ಎಂಬ ಕಂಬಸಾಲು ಇರುವುದೇ ಅದಕ್ಕೆ. ಇನ್ನೂರು ಪದ ಒಂದೇ ಕ್ಷಣದಲ್ಲಿ ಬಿದ್ದಿದ್ದರೆ ಎಲ್ಲಿಂದಲೋ ಅಂಟಿಸಿರಬಹುದು, ಬೇರೆ ಕಡತದಲ್ಲಿ ತಾವೇ ಬರೆದು ತಂದಿರಲೂಬಹುದು. ಕರೆದು ಕೇಳಿ, ಬೈಯುವುದು ಆಮೇಲೆ.

ಮಕ್ಕಳ ಕೈಯಲ್ಲಿರುವುದು ಮೊಬೈಲ್ ಮಾತ್ರ ಎಂದಾದರೆ ಡಾಕ್ಸ್ ಕೋಷ್ಟಕದ ಆಸೆ ಬಿಡಿ. ಸಣ್ಣ ಪರದೆಯಲ್ಲಿ ಐದು ಕಂಬಸಾಲು ಓದುವುದೇ ಕಷ್ಟ. ಗೂಗಲ್ ಸ್ಲೈಡ್ಸ್ ತೆಗೆದುಕೊಳ್ಳಿ, ಒಬ್ಬರಿಗೊಂದು ಸ್ಲೈಡ್. ಒಂದನ್ನು ಸಿದ್ಧಮಾಡಿ ಕಂಟ್ರೋಲ್ ಡಿ ಒತ್ತುತ್ತ 46 ಮಾಡಿ, ಮೂಲೆಯಲ್ಲಿ ಹಾಜರಿ ಸಂಖ್ಯೆ ಹಾಕಿ. 17ನೇ ಸಂಖ್ಯೆಯವನು 17ನೇ ಸ್ಲೈಡಿಗೆ ಹೋಗುತ್ತಾನೆ, ವಿವರಣೆಯೇ ಬೇಡ. ಫೋನಿನಲ್ಲಿ ಆ್ಯಪ್ ಹಾಕಿಕೊಂಡಿರಬೇಕು, ಬ್ರೌಸರಿನಲ್ಲಿ ತೆರೆದವರಿಗೆ ಹೆಚ್ಚಾಗಿ ಓದಲು ಮಾತ್ರ ಬರುತ್ತದೆ. ಥೀಮ್ ಮುಟ್ಟಬೇಡಿ ಎಂದು ಮೊದಲೇ ಹೇಳಿಡಿ, ಒಬ್ಬ ಬದಲಿಸಿದರೆ ಎಲ್ಲರ ಸ್ಲೈಡಿನ ಬಣ್ಣವೂ ಬದಲಾಗುತ್ತದೆ.

ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ಬರೆಯಬೇಕಾದ ಪ್ರಬಂಧಕ್ಕೆ ಇದಾವುದೂ ಬೇಡ. ಗೂಗಲ್ ಕ್ಲಾಸ್‌ರೂಮಿನಲ್ಲಿ ಕಡತ ಸೇರಿಸುವಾಗ ಪ್ರತಿ ವಿದ್ಯಾರ್ಥಿಗೂ ಒಂದು ಪ್ರತಿ ಎಂಬ ಆಯ್ಕೆಯಿದೆ. ಕೆಲಸ ಹಂಚುವ ಮೊದಲೇ ಅದನ್ನು ಆರಿಸಬೇಕು, ಹಂಚಿದ ಮೇಲೆ ನೆನಪಾದರೆ ಹೊಸದಾಗಿ ಮಾಡುವುದೇ ಗತಿ. ಇನ್ನು ಗೂಗಲ್‌ನ ಡಿಜಿಟಲ್ ಬಿಳಿಹಲಗೆಯಾದ ಜಾಮ್‌ಬೋರ್ಡ್ ಬಳಸಿ ಎಂದು ಬರೆದ ಹಳೆಯ ಕೈಪಿಡಿ ನಿಮ್ಮ ಬಳಿ ಇದ್ದರೆ ಆ ಪುಟ ಹರಿದು ಹಾಕಿ. 2024ರ ಕೊನೆಗೆ ಗೂಗಲ್ ಅದನ್ನು ನಿಲ್ಲಿಸಿದೆ.

ಕನ್ನಡದ ತಾಪತ್ರಯ ಒಂದಿದೆ. 'ನುಡಿ' ಅಥವಾ 'ಬರಹ' ತಂತ್ರಾಂಶಗಳ ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ ಅಕ್ಷರದಲ್ಲಿ ಟೈಪ್ ಮಾಡಿಟ್ಟ ಟಿಪ್ಪಣಿಯನ್ನು ಡಾಕ್ಸ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ ಬೀಳುತ್ತದೆ. ಫಾಂಟ್ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಉಪಯೋಗವಿಲ್ಲ, ಪಠ್ಯವನ್ನೇ ಯೂನಿಕೋಡಿಗೆ ಪರಿವರ್ತಿಸಿ ತರಬೇಕು, ತಂದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಒಮ್ಮೆ ಕಣ್ಣಾಡಿಸಬೇಕು. ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕಲಿತ ಕೈಗಳಿಗೆ ಯೂನಿಕೋಡಿನಲ್ಲೂ ಅದೇ ವಿನ್ಯಾಸ ಸಿಗುತ್ತದೆ, ಬೆರಳಿನ ಅಭ್ಯಾಸ ಬದಲಿಸಬೇಕಾಗಿಲ್ಲ.

ಗಂಟೆ ಹೊಡೆಯಲು ಎರಡು ನಿಮಿಷ ಇರುವಾಗ ಲಿಂಕಿನ ಅನುಮತಿಯನ್ನು ಎಡಿಟರ್‌ನಿಂದ ವೀಕ್ಷಕರ ಮಟ್ಟಕ್ಕೆ, ಅಂದರೆ ಓದಲು ಮಾತ್ರ ಬರುವಂತೆ, ಇಳಿಸಿ. ಇಲ್ಲದಿದ್ದರೆ ಆ ಲಿಂಕ್ ಯಾರ ಯಾರ ಗುಂಪಿಗೋ ಹೋಗಿ, ರಾತ್ರಿ ಹನ್ನೊಂದಕ್ಕೆ ಸೌಪರ್ಣಿಕೆಯ ಸಾಲಿನಲ್ಲಿ ಏನೇನೋ ಬಂದು ಕೂತಿರುತ್ತದೆ. ಮಳೆಗಾಲದಲ್ಲಿ ಮಾತ್ರ ಇದಕ್ಕೆ ಸ್ವಲ್ಪ ಸಡಿಲಿಕೆ ಬೇಕು. ಮನೆಯಲ್ಲಿ ಮಾಡಿ ತನ್ನಿ ಎಂದ ದಿನ ಕರೆಂಟು ಹೋಗಿ, ನೆಟ್ ಇಲ್ಲದೆ ಯಾರಾದರೂ ಫೋನಿನಲ್ಲೇ ಬರೆದಿಟ್ಟಿದ್ದರೆ, ಅಷ್ಟರಲ್ಲಿ ನೀವು ಅನುಮತಿ ಇಳಿಸಿದ್ದರೆ ಅವರ ಬರಹ ಕಡತಕ್ಕೆ ಸೇರದೆ ಹೋಗಬಹುದು. ಜಿಲ್ಲಾಧಿಕಾರಿಯವರು ಮರುದಿನ ರಜೆ ಕೊಟ್ಟರೆ, ಶಾಲೆ ತೆರೆಯುವ ಬೆಳಿಗ್ಗೆಯವರೆಗೆ ಹಾಗೆಯೇ ಬಿಟ್ಟಿರಿ.