ಪಾನ್‌ಫೋರ್ತೆ: ಕಾಳುಮೆಣಸಿನಿಂದ ಶುರುವಾದ ಸಿಹಿ

ಪಿಜ್ಜಾ, ಪಾಸ್ತಾ ಹಾಗಿರಲಿ, ಈಗ ತಿರಾಮಿಸು ಕೂಡ ನಮ್ಮೂರ ಹೋಟೆಲುಗಳಲ್ಲಿ ಸಿಗುತ್ತದೆ. ಪಾನ್‌ಫೋರ್ತೆ ಎಂಬ ಹೆಸರನ್ನು ಮಾತ್ರ ಕೇಳಿದವರು ಕಡಿಮೆ. ಇಟಲಿಯ ಟಸ್ಕನಿಯಲ್ಲಿರುವ ಸಿಯೆನಾ ಎಂಬ ಊರಿನ ಸಿಹಿ ಇದು. ವಿಚಿತ್ರ ಅಂದರೆ, ಇದರ ಹಳೆಯ ಕಥೆಯಲ್ಲಿ ನಮ್ಮ ಪಶ್ಚಿಮ ಕರಾವಳಿಗೂ ಪಾಲಿದೆ.

ಮೊದಲು ತಿಂಡಿ ಏನೆಂದು ನೋಡೋಣ. ಜೇನುತುಪ್ಪ, ಸಕ್ಕರೆ ಸೇರಿಸಿ ಪಾಕ ಮಾಡುತ್ತಾರೆ. ಅದಕ್ಕೆ ಇಡೀ ಬಾದಾಮಿ, ಸಕ್ಕರೆಯಲ್ಲಿ ಪಾಕವಿಟ್ಟ ಮಾದಲ, ಕಿತ್ತಳೆ ಸಿಪ್ಪೆ ಅಥವಾ ಕರಬೂಜದ ತುಂಡು ಬೀಳುತ್ತವೆ. ಆಮೇಲೆ ಚಕ್ಕೆ, ಜಾಯಿಕಾಯಿ, ಲವಂಗ, ಕೊತ್ತಂಬರಿ ಬೀಜದಂಥ ಮಸಾಲೆ. ಹಿಟ್ಟು ಇವನ್ನೆಲ್ಲ ಹಿಡಿದಿಡುವಷ್ಟು ಮಾತ್ರ. ಕಾಗದದಷ್ಟು ತೆಳ್ಳಗಿನ ಹಾಳೆಯೊಂದರ ಮೇಲೆ ತಟ್ಟಿ ಒಲೆಯಲ್ಲಿ ಬೇಯಿಸುತ್ತಾರೆ. ಗಟ್ಟಿ, ಚಪ್ಪಟೆ ಬಿಲ್ಲೆ. ತಿಂಗಳುಗಟ್ಟಲೆ ಕೆಡುವುದಿಲ್ಲ.

1205ರ ಒಂದು ದಾಖಲೆಯಿಂದ ಇದರ ಚರಿತ್ರೆಯನ್ನು ಶುರುಮಾಡುವುದು ವಾಡಿಕೆ. ಸಿಯೆನಾ ಹತ್ತಿರದ ಮೊಂತೆಚೆಲ್ಸೊ ಮಠದ ಸನ್ಯಾಸಿನಿಯರಿಗೆ ರೈತರು ಜೇನು ರೊಟ್ಟಿ, ಮೆಣಸಿನ ರೊಟ್ಟಿಗಳನ್ನು ಕಂದಾಯವಾಗಿ ಕೊಡಬೇಕಿತ್ತು. ಆ ಮೆಣಸಿನ ರೊಟ್ಟಿಯೇ, ಅಂದರೆ ಪಾನ್‌ಪೆಪಾತೊ, ಪಾನ್‌ಫೋರ್ತೆಯ ಹಿರಿಯ.

ಈ ಮೆಣಸು ಬರುತ್ತಿದ್ದದ್ದು ಎಲ್ಲಿಂದ? ಮುಖ್ಯವಾಗಿ ಭಾರತದ ಪಶ್ಚಿಮ ಕರಾವಳಿಯಿಂದ. ಮಲಬಾರ್ ಇದರಲ್ಲಿ ಮುಂದಿತ್ತು, ಕನ್ನಡದ ಕರಾವಳಿಯೂ ಹಿಂದೆ ಬಿದ್ದಿರಲಿಲ್ಲ. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಸುಮ್ನೆ ಅಲ್ಲ. ಅದಕ್ಕೂ ಬಹಳ ಹಿಂದೆಯೇ ನಮ್ಮ ಕಡೆಯ ಮೆಣಸು ಅರಬ್ಬರ ಹಡಗು ಹತ್ತಿ ಕೆಂಪು ಸಮುದ್ರ ದಾಟಿ ಅಲೆಕ್ಸಾಂಡ್ರಿಯಾ ಸೇರುತ್ತಿತ್ತು. ಅಲ್ಲಿಂದ ಇಟಲಿಯ ವ್ಯಾಪಾರಿಗಳ ಕೈಗೆ. ಪ್ರತಿ ಕೈಯಲ್ಲೂ ಸುಂಕ, ಲಾಭ ಸೇರಿ ಸೇರಿ ಬೆಲೆ ಏರುತ್ತಿತ್ತು. ಆದರೆ ಸಿಯೆನಾದಲ್ಲಿ ಕೊಳ್ಳುವ ಶಕ್ತಿ ಇತ್ತು. ರೋಮ್‌ಗೆ ಹೋಗುವ ಯಾತ್ರಿಕರ ದಾರಿ ಊರ ನಡುವೆಯೇ ಹಾಯುತ್ತಿತ್ತು. ಅದರ ಲೇವಾದೇವಿಗಾರರು ಯುರೋಪಿಗೆಲ್ಲ ಸಾಲ ಕೊಡುತ್ತಿದ್ದರು.

ಊರಿನ ಮಸಾಲೆ ಹುಚ್ಚನ್ನು ಇಟಲಿಯ ಮಹಾಕವಿ ಡಾಂಟೆಯೂ ಬಿಟ್ಟಿಲ್ಲ. ತನ್ನ ಕಾವ್ಯದ ನರಕದಲ್ಲಿ ಸಿಯೆನಾದ ದುಂದುಗಾರರನ್ನು ಆಡಿಕೊಳ್ಳುವಾಗ, ಲವಂಗ ಬಳಸುವ ದುಬಾರಿ ಶೋಕಿ ತಂದ ನಿಕ್ಕೊಲೊ ಎಂಬವನನ್ನು ಹೆಸರು ಹಿಡಿದು ಚುಚ್ಚುತ್ತಾನೆ.

ಇಷ್ಟು ದುಬಾರಿ ಸಾಮಾನಿನ ತಿಂಡಿಯನ್ನು ಮಾಡಿ ಮಾರುತ್ತಿದ್ದವರು ಬೇಕರಿಯವರಲ್ಲ, ಔಷಧಿ ಮಾರುವವರು. ನಮ್ಮ ಗ್ರಂಧಿಗೆ ಅಂಗಡಿಯ ಹಾಗೆ ಬೇರು, ಕಾಯಿ, ಮಸಾಲೆ ಎಲ್ಲ ಅವರ ಬಳಿಯೇ ಇರುತ್ತಿತ್ತು. ಮೆಣಸು ಜೀರ್ಣಕ್ಕೆ ಒಳ್ಳೆಯದು, ಮೈ ಬೆಚ್ಚಗಿಡುತ್ತದೆ ಎಂಬ ನಂಬಿಕೆಯೂ ಇತ್ತಲ್ಲ.

ಇಲ್ಲಿ ಒಂದು ಚಂದದ ಕಥೆಯನ್ನು ಬದಿಗಿಡಬೇಕು. ಪಾನ್‌ಫೋರ್ತೆಗೆ 17 ಸಾಮಾನು, ಏಕೆಂದರೆ ಸಿಯೆನಾದಲ್ಲಿ 17 ಕೇರಿಗಳು ಅಂತ ಹೇಳುತ್ತಾರೆ. ಕುದುರೆ ಪಂದ್ಯ ಪಾಲಿಯೊದಲ್ಲಿ ಪೈಪೋಟಿಗೆ ಬೀಳುವ ಕೇರಿಗಳವು. ಆದರೆ ಅವುಗಳ ಗಡಿಯನ್ನು ಅಧಿಕೃತವಾಗಿ ಗುರುತಿಸಿದ್ದು 1729ರ ಹೊತ್ತಿಗೆ. ಮಧ್ಯಯುಗದ ಅಡುಗೆಯವರು ಆ ಲೆಕ್ಕ ಇಟ್ಟುಕೊಂಡು ಮಸಾಲೆ ಹಾಕಿರಲಿಕ್ಕಿಲ್ಲ, ಅಲ್ವಾ?

1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆ ಮುಟ್ಟಿದ. ಆಮೇಲಿನ ಶತಮಾನಗಳಲ್ಲಿ ಡಚ್ಚರು, ಇಂಗ್ಲಿಷರು ಮೆಣಸನ್ನು ಹಡಗುಗಟ್ಟಲೆ ಸಾಗಿಸಿದರು. ಅಮೆರಿಕದ ತೋಟಗಳಲ್ಲಿ ಗುಲಾಮರು ಬೆಳೆದ ಕಬ್ಬಿನಿಂದ ಸಕ್ಕರೆಯೂ ಅಗ್ಗವಾಯಿತು. ಮೆಣಸು ಶ್ರೀಮಂತಿಕೆಯ ಗುರುತಾಗಿ ಉಳಿಯಲಿಲ್ಲ. ಯುರೋಪಿನ ಎಷ್ಟೋ ಅಡುಗೆಮನೆಗಳು ಸಿಹಿಯಿಂದ ಮೆಣಸನ್ನು ಆಚೆ ಹಾಕಿದವು. ಸಿಯೆನಾ ಹಾಕಲಿಲ್ಲ. 1555ರಲ್ಲಿ ಸ್ವಾತಂತ್ರ್ಯ ಕಳೆದುಕೊಂಡು ಫ್ಲಾರೆನ್ಸ್ ಕೈಕೆಳಗೆ ಬಂದ ಊರಿಗೆ ಹಳೆಯದನ್ನು ಹಿಡಿದುಕೊಳ್ಳುವ ಹಟ ಜಾಸ್ತಿಯೇ ಇತ್ತು ಅನಿಸುತ್ತದೆ.

ದೊಡ್ಡ ಬದಲಾವಣೆ ಬಂದದ್ದು 1879ರಲ್ಲಿ. ಇಟಲಿಯ ರಾಣಿ ಮಾರ್ಗರಿಟಾ ಊರಿಗೆ ಬಂದಾಗ ಕಪ್ಪು, ಖಾರದ ಬಿಲ್ಲೆಯ ಬದಲು ಮಸಾಲೆ ತಗ್ಗಿಸಿ, ಮೇಲೆ ಸಕ್ಕರೆ ಪುಡಿ ಉದುರಿಸಿದ ಬಿಳಿ ಬಿಲ್ಲೆ ಮಾಡಿದರು. ಪಾನ್‌ಫೋರ್ತೆ ಮಾರ್ಗರಿಟಾ ಎಂದು ಹೆಸರಿಟ್ಟರು. ಈಗ ಜನ ಜಾಸ್ತಿ ಕೊಳ್ಳುವುದು ಅದನ್ನೇ. ನನ್ನ ಕೇಳಿದರೆ ಕಥೆ ಇರುವುದು ಕಪ್ಪಿನಲ್ಲಿ. ಹತ್ತು ವರ್ಷದ ಮೇಲೆ ನೇಪಲ್ಸ್‌ನ ಪಿಜ್ಜಾಕ್ಕೂ ಇದೇ ರಾಣಿಯ ಹೆಸರಿಟ್ಟರು ಎನ್ನುವ ಮಾತಿದೆ.

ಪಿಜ್ಜಾ ಲೋಕ ಸುತ್ತಿತು, ಪಾನ್‌ಫೋರ್ತೆ ಏಕೆ ಸುತ್ತಲಿಲ್ಲ? ಅಮೆರಿಕಕ್ಕೆ ವಲಸೆ ಹೋದ ಇಟಲಿಯವರಲ್ಲಿ ಹೆಚ್ಚಿನವರು ದಕ್ಷಿಣದವರು. ಹೊರಗಿನವರು ಇಟಲಿ ಅಡುಗೆ ಅಂದುಕೊಂಡದ್ದು ಅವರ ಅಡುಗೆಯನ್ನೇ. ಕ್ರಿಸ್‌ಮಸ್ ಸಿಹಿಯ ಜಾಗವನ್ನು ಮಿಲಾನ್‌ನ ಪಾನೆತ್ತೋನೆ ಹಿಡಿದುಕೊಂಡಿತು. 20ನೇ ಶತಮಾನದಲ್ಲಿ ದೊಡ್ಡ ಕಾರ್ಖಾನೆಗಳು ಅದನ್ನು ಎಲ್ಲೆಡೆ ಹಂಚಿದವು.

2013ರಲ್ಲಿ ಐರೋಪ್ಯ ಒಕ್ಕೂಟ ಪಾನ್‌ಫೋರ್ತೆಗೆ ಭೌಗೋಳಿಕ ಗುರುತು ಕೊಟ್ಟಿತು. ಮೈಸೂರು ರೇಷ್ಮೆಗೆ ಇರುವಂಥದ್ದೇ ರಕ್ಷಣೆ ಅದು. ಬೇರೆ ಕಡೆ ಮಾಡಿದ್ದಕ್ಕೆ ಸಿಯೆನಾದ ಹೆಸರು ಹಚ್ಚಿ ಮಾರುವಂತಿಲ್ಲ. ಸಿಯೆನಾ ಪ್ರಾಂತ್ಯದ ಪಿಯೆಂಜಾದಲ್ಲಂತೂ ಕ್ರಿಸ್‌ಮಸ್ ದಿನಗಳಲ್ಲಿ ಇದರದ್ದೇ ಒಂದು ಆಟ ನಡೆಯುತ್ತದೆ. ಕಾಗದ ಸುತ್ತಿದ ಬಿಲ್ಲೆಯನ್ನು ಉದ್ದನೆಯ ಮೇಜಿನ ಮೇಲೆ ಎಸೆಯಬೇಕು. ಕೆಳಗೆ ಬೀಳದೆ ಆಚೆ ಅಂಚಿನ ಹತ್ತಿರಕ್ಕೆ ಹೋಗಿ ನಿಂತರೆ ಗೆದ್ದಹಾಗೆ.