ಎರಡು ಡೇಟಾಬೇಸ್‌ಗಳ ನಡುವೆ ಮೆನಿ-ಟು-ಮೆನಿ ಸಂಬಂಧ ಇಡೋದು ಹೇಗೆ?

ಪ್ರಶ್ನೆ: ನಮ್ಮ ವೆಬ್ ಅಪ್ಲಿಕೇಶನ್ ಜಾಂಗೋ ಅನ್ನುವ ಪೈಥಾನ್ ಫ್ರೇಮ್‌ವರ್ಕ್‌ನಲ್ಲಿದೆ. ಯೂಸರ್‌ಗಳು ಒಂದು ಡೇಟಾಬೇಸ್‌ನಲ್ಲಿ, ಕೋರ್ಸ್‌ಗಳು ಇನ್ನೊಂದರಲ್ಲಿ ಇವೆ. ಒಬ್ಬ ಯೂಸರ್ ಹಲವು ಕೋರ್ಸ್ ಸೇರಬಹುದು, ಒಂದು ಕೋರ್ಸ್‌ನಲ್ಲಿ ಹಲವು ಯೂಸರ್‌ಗಳು ಇರಬಹುದು. ಮೆನಿ-ಟು-ಮೆನಿ ಫೀಲ್ಡ್ ಹಾಕಿದರೆ ಟೇಬಲ್ ಇಲ್ಲ ಅಂತ ಎರರ್ ಬರುತ್ತಿದೆ. ಎಲ್ಲಿ ತಪ್ಪಾಗಿದೆ?

ಉತ್ತರ: ಸೆಟ್ಟಿಂಗ್ಸ್ ಎಷ್ಟು ತಿದ್ದಿದರೂ ಈ ಎರರ್ ಹೋಗುವುದಿಲ್ಲ. 2010ರಲ್ಲಿ ಬಂದ 1.2 ಆವೃತ್ತಿಯಿಂದಲೇ ಜಾಂಗೋದಲ್ಲಿ ಹಲವು ಡೇಟಾಬೇಸ್ ಬಳಸಬಹುದು. ಆದರೆ ಡೇಟಾಬೇಸ್ ದಾಟಿ ಹೋಗುವ ಫಾರಿನ್ ಕೀ (ಇನ್ನೊಂದು ಟೇಬಲ್‌ನ ಸಾಲಿಗೆ ಕೊಂಡಿ ಹಾಕುವ ಕಾಲಂ) ಆಗಲಿ, ಮೆನಿ-ಟು-ಮೆನಿ ಆಗಲಿ ಬೆಂಬಲಿಸುವುದಿಲ್ಲ ಅಂತ ಅದರ ಡಾಕ್ಯುಮೆಂಟೇಶನ್‌ನಲ್ಲೇ ಬರೆದಿದೆ.

ಕಾರಣ ಸರಳ. ಮೆನಿ-ಟು-ಮೆನಿ ಫೀಲ್ಡ್ ಹಾಕಿದಾಗ ನಮ್ಮ ಕಣ್ಣಿಗೆ ಬೀಳದ ಮೂರನೇ ಟೇಬಲ್ ಒಂದು ಹುಟ್ಟುತ್ತದೆ. ಅದರಲ್ಲಿ ಮುಖ್ಯವಾಗಿ ಇರೋದು ಎರಡೇ ಕಾಲಂ: ಯೂಸರ್ ಐಡಿ, ಕೋರ್ಸ್ ಐಡಿ. ಪಟ್ಟಿ ಕೇಳಿದಾಗ ಜಾಂಗೋ ಈ ಟೇಬಲ್ ಅನ್ನು ಇನ್ನೊಂದರ ಜೊತೆ ಜಾಯಿನ್ ಮಾಡುತ್ತದೆ, ಅಂದರೆ ಐಡಿ ಹೊಂದಿಸಿ ಎರಡರ ಸಾಲುಗಳನ್ನು ಒಂದೇ ಕ್ವೆರಿಯಲ್ಲಿ ಜೋಡಿಸುತ್ತದೆ. ಒಂದು ಕ್ವೆರಿ ಹೋಗೋದು ಒಂದೇ ಡೇಟಾಬೇಸ್‌ಗೆ, ಅಲ್ವಾ? ಕೋರ್ಸ್ ಇರುವ ಕಡೆ ಯೂಸರ್ ಟೇಬಲ್ ಹುಡುಕಿದರೆ ಸಿಗೋದೇ ಇಲ್ಲ.

ಮುಂದೆ ಹೋಗುವ ಮುಂಚೆ ಒಂದು ವಿಷಯ ನೋಡಿಕೊಳ್ಳಿ. ಆ ಎರಡು ಡೇಟಾಬೇಸ್‌ಗಳು ನಿಜಕ್ಕೂ ಬೇರೆ ಬೇರೆ ಇರಲೇಬೇಕಾ? ಮೈಎಸ್‌ಕ್ಯೂಎಲ್‌ನಲ್ಲಿ ಎರಡೂ ಒಂದೇ ಸರ್ವರ್ ಮೇಲಿದ್ದರೆ ಒಂದರಿಂದ ಇನ್ನೊಂದಕ್ಕೆ ಜಾಯಿನ್ ಆಗುತ್ತದೆ. ಇನ್ನೋಡಿಬಿ (ಮೈಎಸ್‌ಕ್ಯೂಎಲ್‌ನ ಒಂದು ಸ್ಟೋರೇಜ್ ಎಂಜಿನ್) ಟೇಬಲ್‌ಗಳಾದರೆ ಫಾರಿನ್ ಕೀ ಕೂಡ ಹಾಕಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಹಾಗಾಗುವುದಿಲ್ಲ. ಅಲ್ಲಿ ಒಂದೇ ಡೇಟಾಬೇಸ್ ಒಳಗೆ ಎರಡು ಸ್ಕೀಮಾ (ಟೇಬಲ್‌ಗಳನ್ನು ಗುಂಪು ಮಾಡಿ ಇಡುವ ವಿಭಾಗ) ಮಾಡಿಕೊಂಡರೆ ಅರ್ಧ ತಲೆನೋವು ಹೋಗುತ್ತದೆ. ಸುಮ್ನೆ ಅಚ್ಚುಕಟ್ಟಾಗಿರಲಿ ಅಂತ ಬೇರೆ ಮಾಡಿದ್ದರೆ, ಮತ್ತೆ ಒಂದು ಮಾಡಿ. ನಾನಾಗಿದ್ದರೆ ಮೊದಲು ಅದನ್ನೇ ಮಾಡುತ್ತಿದ್ದೆ.

ಬೇರೆ ಇರಲೇಬೇಕು ಅಂದರೆ, ಆ ಮೂರನೇ ಟೇಬಲ್ ಅನ್ನು ನೀವೇ ಕೈಯಾರೆ ಬರೆಯಿರಿ. ‘ನೋಂದಣಿ’ ಅಂತ ಒಂದು ಮಾಡೆಲ್ ಮಾಡಿ, ಕೋರ್ಸ್ ಇರುವ ಡೇಟಾಬೇಸ್‌ನಲ್ಲೇ ಇಡಿ. ಕೋರ್ಸ್ ಕಡೆಗೆ ಮಾಮೂಲಿ ಫಾರಿನ್ ಕೀ. ಯೂಸರ್ ಕಡೆಗೆ ಬರೀ ಐಡಿ ಇಡುವ ಒಂದು ಕಾಲಂ, ಬೇಗ ಹುಡುಕಲು ಅದಕ್ಕೆ ಇಂಡೆಕ್ಸ್. ಎರಡೂ ಐಡಿ ಸೇರಿಸಿ ಯುನಿಕ್ ಮಾಡಿ, ಇಲ್ಲದಿದ್ದರೆ ಒಬ್ಬರೇ ಎರಡು ಸಲ ಸೇರಿಬಿಡುತ್ತಾರೆ.

ಓದುವಾಗ ಎರಡು ಹೆಜ್ಜೆ. 5ನೇ ಕೋರ್ಸ್‌ನಲ್ಲಿ ಯಾರಿದ್ದಾರೆ ಅಂತ ನೋಂದಣಿ ಟೇಬಲ್ ಕೇಳಿ: 7, 12, 19 ಅಂತ ಬಂತು ಅಂದುಕೊಳ್ಳಿ. ಆಮೇಲೆ ಯೂಸರ್ ಡೇಟಾಬೇಸ್‌ಗೆ ಹೋಗಿ ಆ ಮೂರೂ ಐಡಿಗಳನ್ನು ಒಂದೇ ಕ್ವೆರಿಯಲ್ಲಿ ಕೇಳಿ. ಲೂಪ್‌ನಲ್ಲಿ ಒಂದೊಂದೇ ಕೇಳಬೇಡಿ, ಪುಟ ತೆವಳುತ್ತದೆ. ಉತ್ತರ ಯಾವ ಕ್ರಮದಲ್ಲಾದರೂ ಬರಬಹುದು, ಬೇಕಾದ ಕ್ರಮಕ್ಕೆ ಕೋಡ್‌ನಲ್ಲೇ ಜೋಡಿಸಿಕೊಳ್ಳಿ. ರೈಲ್ಸ್ (ರೂಬಿ ಭಾಷೆಯ ವೆಬ್ ಫ್ರೇಮ್‌ವರ್ಕ್) 7ರಲ್ಲಿ ಜಾಯಿನ್ ಬಿಟ್ಟುಬಿಡು ಅಂತ ಹೇಳುವ ಆಯ್ಕೆಯೇ ಇದೆ, ಅದು ಒಳಗೆ ಮಾಡೋದೂ ಇದನ್ನೇ.

ಕಷ್ಟ ಆಗೋದು ಯೂಸರ್ ಹೆಸರಿನ ಪ್ರಕಾರ ಪಟ್ಟಿ ಮಾಡಿ, ಪುಟಕ್ಕೆ 20 ಹೆಸರು ತೋರಿಸುವಾಗ. ಹೆಸರು ಒಂದು ಕಡೆ, ನೋಂದಣಿ ಇನ್ನೊಂದು ಕಡೆ. ಎಲ್ಲ ಐಡಿ ತಂದು ಜೋಡಿಸದೆ ಮೊದಲ ಪುಟವೂ ಸರಿಯಾಗಿ ಬರಲ್ಲ. ಜನ ಜಾಸ್ತಿ ಇದ್ದರೆ ಹೆಸರಿನ ಒಂದು ಪ್ರತಿಯನ್ನು ನೋಂದಣಿ ಟೇಬಲ್‌ನಲ್ಲೇ ಇಟ್ಟುಕೊಳ್ಳಿ. ಹೆಸರು ಬದಲಾದಾಗ ಇಲ್ಲೂ ಬದಲಾಯಿಸಬೇಕು. ಆ ಕೆಲಸಕ್ಕೆ ಒಪ್ಪಿಕೊಂಡೇ ಇದನ್ನು ಮಾಡಿ.

ನನ್ನನ್ನು ಜಾಸ್ತಿ ಕಾಡಿದ್ದು ಡಿಲೀಟ್. ಒಮ್ಮೆ ಒಂದು ಕೋರ್ಸ್ ಪುಟದ ಮೇಲ್ಗಡೆ 40 ಜನ ಅಂತ ಬರುತ್ತಿತ್ತು, ಕೆಳಗಿನ ಪಟ್ಟಿಯಲ್ಲಿ 38 ಹೆಸರು. ಕ್ಯಾಶ್ ತೊಂದರೆ ಅಂದುಕೊಂಡು ಅರ್ಧ ದಿನ ಕಳೆದೆ. ಇಬ್ಬರ ಅಕೌಂಟ್ ಅಳಿಸಿಹೋಗಿತ್ತು, ನೋಂದಣಿ ಸಾಲು ಮಾತ್ರ ಹಾಗೇ ಕೂತಿತ್ತು. ಒಂದೇ ಡೇಟಾಬೇಸ್ ಆಗಿದ್ದರೆ ಫಾರಿನ್ ಕೀ ಹಾಗಾಗಲು ಬಿಡುತ್ತಿರಲಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಐಡಿ ಮರುಬಳಕೆ. ಎಸ್‌ಕ್ಯೂಲೈಟ್‌ನಲ್ಲಿ ಆಟೋಇನ್ಕ್ರಿಮೆಂಟ್ ಅಂತ ಹೇಳದೆ ಟೇಬಲ್ ಮಾಡಿದ್ದರೆ, ಕೊನೆಯ ಸಾಲು ಅಳಿಸಿದ ಮೇಲೆ ಅದೇ ಐಡಿ ಮುಂದಿನವರಿಗೆ ಸಿಗಬಹುದು. ಮೈಎಸ್‌ಕ್ಯೂಎಲ್ 8.0ಕ್ಕಿಂತ ಹಳೆಯ ಇನ್ನೋಡಿಬಿಯಲ್ಲೂ ಸರ್ವರ್ ರೀಸ್ಟಾರ್ಟ್ ಆದಾಗ ಹೀಗಾಗುವ ಸಾಧ್ಯತೆ ಇತ್ತು. ಆಗ ಹಳೆಯವರ ಕೋರ್ಸ್‌ಗಳೆಲ್ಲ ಹೊಸಬರಿಗೆ ತಾನಾಗಿ ತೆರೆದುಕೊಳ್ಳುತ್ತವೆ. ಆದ್ದರಿಂದ ಡೇಟಾಬೇಸ್ ದಾಟುವ ಐಡಿಗೆ ಯುಯುಐಡಿ (ಮತ್ತೆ ಬರುವ ಸಾಧ್ಯತೆ ಇಲ್ಲವೆನ್ನುವಷ್ಟು ಉದ್ದದ ಗುರುತು) ಬಳಸಿ. ಯೂಸರ್ ಸಾಲನ್ನು ನೇರವಾಗಿ ಅಳಿಸಬೇಡಿ. ಮೊದಲು ‘ಅಳಿಸಲಾಗಿದೆ’ ಅಂತ ಗುರುತು ಹಾಕಿ, ನೋಂದಣಿ ತೆಗೆದು, ಆಮೇಲೆ ಯೂಸರ್ ತೆಗೆಯಿರಿ. ಮಧ್ಯದಲ್ಲಿ ಏನಾದರೂ ಕೈಕೊಟ್ಟರೂ ಗುರುತು ಉಳಿದಿರುತ್ತದೆ, ಮತ್ತೆ ಅಲ್ಲಿಂದ ಶುರು ಮಾಡಬಹುದು.

ಇಷ್ಟಾದರೂ ರಾತ್ರಿ ಒಂದು ಜಾಬ್ ಓಡಿಸಿ, ಯೂಸರ್ ಇಲ್ಲದ ನೋಂದಣಿಗಳನ್ನು ಹುಡುಕಿಸಿ. ಆದರೆ ಸಿಕ್ಕಿದ್ದನ್ನು ತಕ್ಷಣ ಅಳಿಸಲು ಬಿಡಬೇಡಿ. ಯೂಸರ್ ಡೇಟಾಬೇಸ್ ಯಾವುದೋ ಕಾರಣಕ್ಕೆ ಖಾಲಿ ಪಟ್ಟಿ ಕೊಟ್ಟರೆ ಎಲ್ಲ ನೋಂದಣಿಯೂ ಅನಾಥವಾಗಿಯೇ ಕಾಣುತ್ತದೆ. ಒಂದು ಮಿತಿ ಇಡಿ. ಅದಕ್ಕಿಂತ ಜಾಸ್ತಿ ಸಿಕ್ಕರೆ ಜಾಬ್ ಅಲ್ಲೇ ನಿಂತು, ನಿಮಗೆ ಮೇಲ್ ಕಳಿಸಲಿ.